ಐಸಿನ ಮೇಲೆ ಉಪ್ಪು

ಅಂಕೋಲೆಯ ಆಸ್ಪತ್ರೆಯಲ್ಲಿ ಹುಟ್ಟಿದಾಗ ನನ್ನ ಮಗಳು ಅಳಲಿಲ್ಲ. ವೈದ್ಯೆ ಬೆನ್ನುಜ್ಜಿ ಉಸಿರು ಕೊಟ್ಟ ಮೇಲಷ್ಟೇ ಸಣ್ಣಗೆ ಕುಂಯ್‌ಗುಟ್ಟಿದಳು. ಹೊಕ್ಕುಳಬಳ್ಳಿಯ ರಕ್ತವನ್ನು ಸಿರಿಂಜಿನಲ್ಲಿ ತೆಗೆದು ವೈದ್ಯೆ ನನ್ನ ಕೈಗಿಟ್ಟರು. ಹುಟ್ಟುವಾಗ ಆಮ್ಲಜನಕ ಎಷ್ಟು ಕಡಿಮೆಯಾಗಿತ್ತು, ಮಿದುಳಿಗೆ ಪೆಟ್ಟಾಗಿರಬಹುದೇ ಎಂದು ಅದರಿಂದ ತಿಳಿಯುತ್ತಿತ್ತು. ಪರೀಕ್ಷಿಸುವ ಯಂತ್ರ ಮಾತ್ರ ಕಾರವಾರದಲ್ಲಿತ್ತು.

"ತಂಪಾಗಿಟ್ಟು ಬೇಗ ಮುಟ್ಟಿಸಿ" ಎಂದರು.

ಕೇಣಿಯಲ್ಲಿ ಮೀನು ವ್ಯಾಪಾರ ಮಾಡುವ ನನ್ನ ಭಾವ ಟೆಂಪೋ ತಂದಿದ್ದ. "ಐಸಿನ ಚಿಂತೆ ನಂಗೆ ಬಿಡು ಮಾರಾಯಾ" ಎಂದು ಸಿರಿಂಜನ್ನು ಮೀನಿನ ಪೆಟ್ಟಿಗೆಯ ಐಸಿನೊಳಗೆ ಹುಗಿದ. ಗೋವಾಕ್ಕೆ ಕಳಿಸುವ ಇಸ್ವಾಣ ಮೀನಿಗೆ ಹಾಕುವಂತೆ ಮೇಲೆ ಉಪ್ಪನ್ನೂ ಸುರಿದ. ದಾರಿಯುದ್ದಕ್ಕೂ "ಹೊಡಿ, ಹೊಡಿ" ಎಂದು ಅವನ ತಲೆ ತಿಂದೆ.

ಲ್ಯಾಬಿನವರು ಸಿರಿಂಜನ್ನು ಬೆಳಕಿಗೆ ಹಿಡಿದರು. "ಪೂರಾ ಐಸ್‌ಕ್ಯಾಂಡಿ ಆಗಿದೆ. ರಕ್ತಕಣ ಒಡೆದುಹೋಗಿವೆ, ಇದ್ರಲ್ಲಿ ಏನೂ ಗೊತ್ತಾಗುದಿಲ್ಲ."

"ಉಪ್ಪು ಹಾಕಿದ್ರೆ ತಂಪು ಜಾಸ್ತಿ ಅಲ್ವನಾ?" ಭಾವ ಕೇಳಿದ. ಅಲ್ಲೇ, ಎಲ್ಲರೆದುರು, ಬಾಯಿಗೆ ಬಂದಂತೆ ಬೈದೆ.

ಮಗಳು ಮಗುಚಿದಳು, ನಡೆದಳು, ಶಾಲೆಗೂ ಹೋದಳು. ಭಾವ ನೆಮ್ಮದಿಯಾದ. ನಾನಾಗಲಿಲ್ಲ. ಕರೆದ ಕೂಡಲೇ ಅವಳು ತಿರುಗದಿದ್ದರೆ, ಎರಡನೇ ಸಲ ಕರೆಯುವ ತಾಳ್ಮೆ ನನಗೆ ಈಗಲೂ ಇಲ್ಲ, ಎದ್ದು ಓಡುತ್ತೇನೆ.