ಬೀದರಿನ ಪಿಯಾನೊ ಬಾಯಿ

ಮೊಂಡಾಗಿ ಕತ್ತರಿಸಿದ ಉಗುರು, ಬಳೆಯಿಲ್ಲದ ಮಣಿಕಟ್ಟು, ಸ್ವಲ್ಪ ಹೊರಕ್ಕೆ ಬಾಗಿದ ಕಿರುಬೆರಳು. ಟೀಚರ್ ಕೈ ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇಲ್ಲ. ಚಹಾ ಆರುವ ತನಕ ಮೇಜಿನ ಅಂಚಿನ ಮೇಲೆ, ತರಕಾರಿಯವನು ತೂಕ ಹಾಕುವ ತನಕ ಕೈಚೀಲದ ಮೇಲೆ ಬೆರಳುಗಳು ಓಡುತ್ತಲೇ ಇರುತ್ತಿದ್ದವು. ಮದುವೆ ಮನೆಯಲ್ಲಿ ಹೆಂಗಸರು ಬಳೆ ಯಾಕಿಲ್ಲ ಎಂದು ಕೇಳಿದರೆ, ಅವು ನನಗಿಂತ ಜಾಸ್ತಿ ಬಾರಿಸುತ್ತವೆ ಎಂದು ನಕ್ಕುಬಿಡುತ್ತಿದ್ದರು. ಬೀದರಿನ ಆ ಗಲ್ಲಿಗೆಲ್ಲ ಅವರು ಪಿಯಾನೊ ಬಾಯಿ.

ಭಾಲ್ಕಿಯ ಬೌದ್ಧ ಮನೆತನದವರು. ತಂದೆ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಓದಲೆಂದು ಬೀದರಿನ ಹಾಸ್ಟೆಲ್ ಶಾಲೆಗೆ ಬಂದ ಹುಡುಗಿಗೆ ಅಲ್ಲಿನ ಪ್ರಾರ್ಥನಾ ಮಂದಿರದ ಹಳೇ ಪಿಯಾನೊ ಕಂಡಿತು. ವಾರ್ಡನ್ನಮ್ಮ ಕೂಡಿಸಿಕೊಂಡು ಕಲಿಸಿದರು. ಅಲ್ಲಿಂದ ಮುಂಬೈ, ಮುಂಬೈಯಿಂದ ವಿದೇಶ. ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಕಛೇರಿ ಕೊಟ್ಟರು. ಹಾಗಿದ್ದವರು ಒಂದು ದಿನ ಲಾರಿಯಲ್ಲಿ ಪಿಯಾನೊ ಹೇರಿಕೊಂಡು ಬೀದರಿಗೇ ವಾಪಸ್ ಬಂದುಬಿಟ್ಟರು.

ಬೇಸಿಗೆಯಲ್ಲಿ ಮರ ಒಣಗಿ ಸ್ವರ ಕೆಡಬಾರದೆಂದು ಪಿಯಾನೊದ ಕೆಳಗೆ ಬೋಗುಣಿಯಲ್ಲಿ ನೀರಿಡುತ್ತಿದ್ದರು. ಗಲ್ಲಿಯವರು ಅದನ್ನು ಯಾವುದೋ ಹರಕೆ ಎಂದು ತಿಳಿದಿದ್ದರು. ಬೆಕ್ಕುಗಳಿಗಂತೂ ಒಳ್ಳೇ ಅನುಕೂಲವಾಗಿತ್ತು.

ನಾನು ಔರಾದಿನವಳು. ಶಾಲೆಯ ಕೀಬೋರ್ಡಿನ ಮೇಲೆ ಪ್ರಾರ್ಥನೆ ಬಾರಿಸುತ್ತಿದ್ದವಳನ್ನು ನಮ್ಮ ಹೆಡ್‌ಮಾಸ್ತರರು ಇವರ ಬಳಿ ಕಳಿಸಿದ್ದರು. ಪ್ರತಿ ರವಿವಾರ ಬಸ್ಸಿಗೆ ಬರುತ್ತಿದ್ದೆ. ಪಾಠದ ನಡುವೆ ನನ್ನ ಕಣ್ಣು ಗಡಿಯಾರದ ಕಡೆ ಹೊರಳಿದರೆ ಸಾಕು, "ಬಸ್ಸು ಹೋದ್ರ ಹೋಗ್ಲಿ, ಈ ಸಾಲು ಪೂರಾ ಮಾಡು" ಎನ್ನುತ್ತಿದ್ದರು. ಬಸ್ಸು ಹೋಗಿಯೇ ಬಿಡುತ್ತಿತ್ತು. ಆಮೇಲೆ ತಾವೇ ರೊಟ್ಟಿ ಬಡಿದು ಊಟಕ್ಕೆ ಹಾಕಿ, ಸ್ಟ್ಯಾಂಡಿನ ತನಕ ಬಂದು ಮುಂದಿನ ಬಸ್ಸಿಗೆ ಹತ್ತಿಸುತ್ತಿದ್ದರು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ಆದರೆ ಜನರೆದುರು ಬಾರಿಸುವುದನ್ನು ಅವರು ಬಿಟ್ಟಿದ್ದರು. ಯಾಕೆಂದು ಒಮ್ಮೆ ಮಾತ್ರ ಹೇಳಿದರು. ದೂರದ ದೇಶದ ಕಛೇರಿಯೊಂದರಲ್ಲಿ, ಒಂದು ಕೃತಿಯ ನಿಧಾನಗತಿಯ ಭಾಗದ ನಟ್ಟನಡುವೆ, ಮುಂದಿನದೆಲ್ಲ ಮರೆತುಹೋಯಿತಂತೆ. ಅಲ್ಲಿ ಎದುರಿಗೆ ಸ್ವರ ಬರೆದ ಹಾಳೆ ಇಟ್ಟುಕೊಳ್ಳುವ ರೂಢಿಯಿಲ್ಲ. ಕೇಳುವವರು ತುಟಿ ಬಿಚ್ಚುವುದೂ ಇಲ್ಲ. ಸಭೆ ಕಾಯಿತು. "ಕೈ ಇದ್ದವು, ಹಾಡು ಇರಲಿಲ್ಲವ್ವ" ಎಂದರು. ಎದ್ದು ಹೊರಗೆ ನಡೆದವರು ಮತ್ತೆ ವೇದಿಕೆ ಹತ್ತಲಿಲ್ಲ. ಒಬ್ಬರೇ ಇದ್ದಾಗ ಅದೇ ಕೃತಿಯನ್ನು ಬಾರಿಸುತ್ತಿದ್ದರು. ನನ್ನ ಚಪ್ಪಲಿ ಸಪ್ಪಳ ಕೇಳಿದರೆ ನಿಲ್ಲಿಸಿಬಿಡುತ್ತಿದ್ದರು.

ಪೂರ್ತಿ ಕೇಳುವ ಭಾಗ್ಯ ಪಕ್ಕದ ಮನೆಯ ಚಾಚಾನಿಗಿತ್ತು, ಅದೂ ಗೋಡೆಯಾಚೆಯಿಂದ. ಉರ್ದು ಕವಿಗಳ ಮುಶಾಯಿರಾ ಎಲ್ಲೇ ನಡೆಯಲಿ, ಮುಂದಿನ ಸಾಲಿನಲ್ಲಿ ಕೂರುವ ಆಸಾಮಿ ಅವರು. ಹಳೇ ಶಾಲೆಯವರು ಬಂದು ಒಂದು ಕಛೇರಿ ಕೊಡಿ ಎಂದು ಕೇಳಿದಾಗ ಟೀಚರ್ ಒಲ್ಲೆ ಎಂದರು. ನಾನು ಗೋಗರೆದರೂ ಒಲ್ಲೆ. ಕೊನೆಗೆ ಚಾಚಾ ಬಾಗಿಲಿಗೆ ಬಂದು ನಿಂತರು.

"ಗ್ವಾಡಿ ಆ ಕಡಿಂದ ಎಷ್ಟು ದಿನ ಕೇಳ್ಲಿ, ಬೇಟಿ? ಒಮ್ಮಿ ಎದುರಿಗೆ ಕೂತು ಕೇಳ್ತೇನಿ."

ಹಿರಿಯರಿಗೆ ಇಲ್ಲ ಎನ್ನುವುದು ಟೀಚರಿಗೆ ಗೊತ್ತಿರಲಿಲ್ಲ.

ಆ ಸಂಜೆ ಶಾಲೆಯ ಸಭಾಂಗಣ ತುಂಬಿತ್ತು. ಭಾಲ್ಕಿಯಿಂದ ಅವರ ಅಣ್ಣನ ಮನೆಯವರು, ಗಲ್ಲಿಯವರು, ಮುಂದಿನ ಸಾಲಿನಲ್ಲಿ ಚಾಚಾ ಮತ್ತು ಅವರ ಮುಶಾಯಿರಾದ ಗೆಳೆಯರು. ಟೀಚರ್ ಹಟ ಹಿಡಿದವರಂತೆ ಅದೇ ಕೃತಿಯನ್ನು ಎತ್ತಿಕೊಂಡರು. ನಿಧಾನಗತಿಯ ಭಾಗ ಬಂತು. ಅದೇ ಜಾಗದಲ್ಲಿ ಕೈಗಳು ನಿಂತವು. ಅವರು ಕುರ್ಚಿ ಹಿಂದಕ್ಕೆ ಸರಿಸುತ್ತಿದ್ದರು.

"ವಾಹ್ ಬೇಟಿ, ಮುಕರ್ರರ್" ಎಂದರು ಚಾಚಾ.

ಮುಶಾಯಿರಾದಲ್ಲಿ ಕವಿ ಒಂದು ಸಾಲು ಓದಿ ನಿಲ್ಲುತ್ತಾನೆ. ಮನಸ್ಸಿಗೆ ಹಿಡಿಸಿದರೆ ಕೇಳುವವರು ಮುಕರ್ರರ್ ಎನ್ನುತ್ತಾರೆ, ಅಂದರೆ ಇನ್ನೊಮ್ಮೆ. ಕವಿ ಆ ಸಾಲನ್ನು ಮತ್ತೆ ಮೊದಲಿನಿಂದ ಓದುತ್ತಾನೆ. ಪಾಪ, ಪಿಯಾನೊ ನಿಂತದ್ದೂ ಅದಕ್ಕೇ ಎಂದುಕೊಂಡಿದ್ದರು ಚಾಚಾ. ಅವರ ಗೆಳೆಯರೂ ದನಿಗೂಡಿಸಿದರು, ಅದನ್ನು ಕೇಳಿ ಅರ್ಧ ಸಭೆ ಮುಕರ್ರರ್ ಎಂದಿತು. ದೊಡ್ಡ ಊರಿನ ಸಂಗೀತಗಾರರು ಯಾರಾದರೂ ಇದ್ದಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಟೀಚರ್ ಸಭೆಯ ಕಡೆ ತಿರುಗಿದರು. ಕವಿಗಳು ಮಾಡುವ ಹಾಗೆಯೇ ಕೈಯನ್ನು ಹಣೆಗೆ ಒಯ್ದು ಸಲಾಂ ಮಾಡಿದರು. ಕುರ್ಚಿ ಮುಂದಕ್ಕೆ ಎಳೆದುಕೊಂಡು ಆ ಭಾಗವನ್ನು ಮೊದಲಿನಿಂದ ಶುರು ಮಾಡಿದರು. ಕೈ ನಿಂತ ಜಾಗ ಬಂತು, ದಾಟಿತು. ಕೊನೆಯ ತನಕ ಬಾರಿಸಿದರು. ನಾನು ನಾಚಿಕೆ ಬಿಟ್ಟು ಅತ್ತೆ.

ಜನ ಚದುರಿದ ಮೇಲೆ ಟೀಚರ್ ಮೆಟ್ಟಿಲ ಮೇಲೆ ಕೂತು, "ಅಲ್ಲಿ ಯಾರರೆ ಒಬ್ಬರು ಇನ್ನೊಮ್ಮಿ ಅಂದಿದ್ರ ನಾ ಎದ್ದು ಬರ್ತಿದ್ದಿಲ್ಲ" ಎಂದರು. ಚಾಚಾನಿಗೆ ಅವರು ನಿಜ ಹೇಳಲಿಲ್ಲ. ನಾನೂ ಹೇಳಿಲ್ಲ.

ಆಮೇಲೆ ಭಾಲ್ಕಿಯಲ್ಲಿ ಬಾರಿಸಿದರು, ನಮ್ಮ ಔರಾದಿಗೂ ಬಂದರು. ಹೋದ ವರ್ಷ ಮುಂಬೈಯಿಂದಲೇ ಕರೆ ಬಂತು. ಕಳಿಸಿಕೊಡಲು ಸ್ಟೇಷನ್ನಿಗೆ ಹೋದಾಗ, ಬಹಳ ದಿನದಿಂದ ಚುಚ್ಚುತ್ತಿದ್ದ ಮಾತನ್ನು ಆಡಿಯೇಬಿಟ್ಟೆ. ಇವತ್ತು ನಾನು ಔರಾದಿನಲ್ಲಿ ಮಕ್ಕಳಿಗೆ ಪಿಯಾನೊ ಕಲಿಸಿ ಬದುಕುತ್ತಿದ್ದೇನೆ. ಆ ದೂರದ ದೇಶದಲ್ಲಿ ಅವರ ಕೈ ನಿಲ್ಲದಿದ್ದರೆ ಅವರು ಬೀದರಿಗೆ ಬರುತ್ತಿರಲಿಲ್ಲ, ನನಗೆ ಈ ವಿದ್ಯೆ ಸಿಗುತ್ತಿರಲಿಲ್ಲ. ಅವರ ಕೆಟ್ಟ ದಿನವೇ ನನ್ನ ಬದುಕಾಯಿತಲ್ಲ ಎಂದೆ.

ಟೀಚರ್ ನನ್ನನ್ನೇ ನೋಡಿದರು. ನನ್ನ ಕೈಯಲ್ಲಿದ್ದ ತಮ್ಮ ಚೀಲ ಇಸಿದುಕೊಂಡರು.

"ಹಂಗಾರ ಅಲ್ಲಿ ನಿಂತದ್ದು ಚಲೋನೇ ಆಯ್ತು ಬಿಡವ್ವ" ಎಂದು ರೈಲು ಹತ್ತಿದರು.