ಒಂದೇ ಗಾಜು, ಎರಡು ಸಲ

ನಮ್ಮವರಿಗೆ ಬೀದಿಯವರು ಇಟ್ಟ ಹೆಸರು ‘ಇದೋ-ಅದೋ’. ಮೂವತ್ತೊಂದು ವರ್ಷದಿಂದ ಕನ್ನಡಕದ ಅಂಗಡಿಯ ಕತ್ತಲೆ ಕೋಣೆಯಲ್ಲಿ ಅವರ ಬಾಯಿಂದ ಬರುವ ಮಾತು ಅದೊಂದೇ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ, ಮೂಗಿನ ಮೇಲೆ ಭಾರದ ಫ್ರೇಮು ಏರಿಸುತ್ತಾರೆ, ಒಂದು ಗಾಜು ಹಾಕಿ ತೆಗೆದು ಇನ್ನೊಂದು ಹಾಕಿ “ಇದೋ, ಅದೋ?” ಎಂದು ಕೇಳುತ್ತಾರೆ. ಯಾವುದರಲ್ಲಿ ಚೆನ್ನಾಗಿ ಕಾಣುತ್ತದೆಂದು ಗಿರಾಕಿ ಹೇಳಬೇಕು. ಪರದೆಯ ಈಚೆ ಕೌಂಟರಿನಲ್ಲಿ ಕೂತು ನಂಬರು ಬರೆದುಕೊಳ್ಳುವವಳು ನಾನು. ಈಗೀಗ ಮನೆಯಲ್ಲಿ ಒಬ್ಬಳೇ ಪಾತ್ರೆ ತೊಳೆಯುವಾಗಲೂ ನನ್ನ ಕಿವಿಯಲ್ಲಿ ಅದೇ ಕೇಳುತ್ತಿರುತ್ತದೆ.

ಮನೆಗೆ ಬಂದರೂ ಆ ಬುದ್ಧಿ ಬಿಡುವುದಿಲ್ಲ. ಅಂಗಡಿಯ ಬೀಗವನ್ನು ಮೂರು ಸಲ ಎಳೆದು ನೋಡಿ ಅರ್ಧ ದಾರಿ ಬಂದ ಮೇಲೆ, ನಾಲ್ಕನೆಯ ಸಲ ನೋಡಲು ವಾಪಸು ಹೋಗುತ್ತಾರೆ. ಒಂದು ಅಂಗಿ ಕೊಳ್ಳಲು ಹೋದರೆ ಅಂಗಡಿಯವನ ತಾಳ್ಮೆ, ನನ್ನ ಕಾಲು ಎರಡೂ ಒಟ್ಟಿಗೇ ಸೋಲುತ್ತವೆ. ನನ್ನನ್ನು ಮದುವೆಯಾಗಲು ಹ್ಞೂಂ ಅನ್ನುವುದಕ್ಕೆ ಏಳು ತಿಂಗಳು ತೆಗೆದುಕೊಂಡ ಮನುಷ್ಯ ಇವರು. ಅಷ್ಟರಲ್ಲಿ ನಾನೇ ಬೇಡ ಅನ್ನಬೇಕೆಂದಿದ್ದೆ, ಯಾಕೋ ಸೋಮಾರಿತನ ಮಾಡಿದೆ.

ಆದರೆ ಕತ್ತಲೆ ಕೋಣೆಯಲ್ಲಿ ಅವರದೊಂದು ಉಪಾಯವಿದೆ. ಏಳೆಂಟು ಗಾಜು ಬದಲಿಸಿದ ಮೇಲೆ ಒಂದನ್ನು ತೆಗೆದು, ಬೇರೆಯದನ್ನು ಹುಡುಕುವವರಂತೆ ಪೆಟ್ಟಿಗೆಯಲ್ಲಿ ಟಕಟಕ ಸದ್ದು ಮಾಡಿ, ಅದೇ ಗಾಜನ್ನು ತಿರುಗಿ ಹಾಕುತ್ತಾರೆ. ಬಹಳ ಜನ “ಆಹಾ, ಈ ಎರಡನೇದೇ ಚೆನ್ನಾಗಿದೆ!” ಅನ್ನುತ್ತಾರೆ. ಅಂಥವರಿಗೆ ಮೊದಲಿನಿಂದ ಪರೀಕ್ಷೆ. ಅಲ್ಲೊಬ್ಬರು ಇಲ್ಲೊಬ್ಬರು ಮಾತ್ರ, “ಯಾಕೋ ಗೊತ್ತಾಗ್ತಿಲ್ಲ ಸಾರ್, ಎರಡೂ ಒಂದೇ ಥರ ಇದೆ” ಎಂದು ತಪ್ಪು ಮಾಡಿದವರಂತೆ ದನಿ ತಗ್ಗಿಸುತ್ತಾರೆ. ಅವರನ್ನು ಇವರು ನಂಬುತ್ತಾರೆ. “ಗೊತ್ತಿಲ್ಲ ಅನ್ನೋವ್ರಿಗೆ ಕನ್ನಡಕ ಮಾಡೋದು ಸುಲಭ ಕಣೇ,” ಅನ್ನುತ್ತಾರೆ.

ಇವರ ಅಣ್ಣ, ಅಂದರೆ ನಮ್ಮ ಭಾವ, ಬಸ್ ಡ್ರೈವರ್. ತಮ್ಮನಿಗೆ ಪೂರ್ತಿ ತದ್ವಿರುದ್ಧ. ಅನುಮಾನ ಎಂಬುದು ಅವರ ಹತ್ತಿರ ಸುಳಿದದ್ದನ್ನು ನಾನು ನೋಡಿರಲಿಲ್ಲ. ಅಪ್ಪ ಇಲ್ಲದ ಮನೆಯಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಸ್ಟೇರಿಂಗ್ ಹಿಡಿದು ತಮ್ಮನನ್ನು ಓದಿಸಿದವರು. ಈ ಅಂಗಡಿ ತೆರೆದಾಗ ಅಕ್ಷರದ ಹಲಗೆಯನ್ನು ಗೋಡೆಗೆ ಹೊಡೆದವರೂ ಅವರೇ. ಡ್ಯೂಟಿ ಮುಗಿಸಿ ಬಂದು ಆ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಕಾಫಿ ಕುಡಿದು, ನನಗೆ “ಬರ್ತೀನಮ್ಮಾ” ಎಂದು ಹೇಳಿಯೇ ಹೋಗುತ್ತಿದ್ದರು.

ಬಸ್ ಕಂಪನಿಯವರು ಮೂರು ವರ್ಷಕ್ಕೊಮ್ಮೆ ಕಣ್ಣಿನ ಫಾರಂ ಕೇಳುತ್ತಿದ್ದರು. ಊರಿನ ನಾಲ್ಕು ಕನ್ನಡಕದ ಅಂಗಡಿಗಳಲ್ಲಿ ಯಾರು ಸಹಿ ಹಾಕಿದರೂ ನಡೆಯುತ್ತಿತ್ತು. ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯವನಂತೂ ತಲೆ ಎತ್ತಿ ಮುಖವನ್ನೂ ನೋಡುತ್ತಿರಲಿಲ್ಲ, ಮೊಹರು ಒತ್ತಿ ಕೊಟ್ಟುಬಿಡುತ್ತಿದ್ದ. ಡ್ರೈವರುಗಳೆಲ್ಲ ಅಲ್ಲಿಗೇ ಹೋಗುತ್ತಿದ್ದರು, ಭಾವನೂ ಅಷ್ಟೇ. ಆರು ವರ್ಷದ ಹಿಂದೆ ಮಾತ್ರ, ಕೆಲಸ ಇನ್ನು ನಾಲ್ಕೇ ವರ್ಷ ಉಳಿದಿದ್ದಾಗ, ಫಾರಂ ಹಿಡಿದು ನಮ್ಮಲ್ಲಿಗೆ ಬಂದರು.

ಗೋಡೆಯ ಹಲಗೆಯನ್ನು ಗಡಗಡ ಓದಿಬಿಟ್ಟರು. ಅದು ಅವರಿಗೆ ಬಾಯಿಪಾಠವಾಗಿರಬಹುದೆಂದು ಇವರು ಅಂಕಿಗಳ ಹಲಗೆ ತೆಗೆದರು. ಅದನ್ನೂ ಓದಿದರು, ಕೊನೆಯ ಸಾಲಿನಲ್ಲಿ ಎಂಟನ್ನು ಮೂರು ಅಂದರು. ಸಾಲಿಗೊಂದು ತಪ್ಪು ನಡೆಯುತ್ತದೆ ಎಂದು ಫಾರಂನಲ್ಲೇ ಅಚ್ಚು ಹಾಕಿತ್ತು. ಇವರು ಆಮೇಲೆ ಗಾಜು ಹಾಕಿದರು. ಪೆಟ್ಟಿಗೆ ಟಕಟಕ ಅಂದಿತು. “ಇದೋ, ಅದೋ?”

“ಎರಡನೇದು!” ಎಂದರು ಭಾವ, ಪ್ರಶ್ನೆ ಮುಗಿಯುವ ಮೊದಲೇ.

ಇವರು ದೀಪ ಹಾಕಿದರು. “ಅಣ್ಣ, ನಾನು ಸಹಿ ಹಾಕಲ್ಲ.”

“ಯಾಕೋ? ಓದಿದ್ನಲ್ಲೋ!”

“ಓದಿದೆ.”

“ಮತ್ತೇನು?”

“ಅನುಮಾನ ಅಣ್ಣ.”

“ಅಂಗಿ ತಗೊಳ್ಳೋಕೂ ನಿಂಗೆ ಅನುಮಾನ! ಅದಕ್ಕೆ ನನ್ನ ಬಸ್ಸು ಬಿಡಬೇಕಾ?”

ಭಾವ ಫಾರಂ ಅನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ನನ್ನ ಕಡೆ ನೋಡದೆ ಮೆಟ್ಟಿಲಿಳಿದು ಹೋದರು.

ನಾನು ಸುಮ್ಮನಿರುವವಳಲ್ಲ. “ಒಂದು ತಪ್ಪು ನಡೆಯುತ್ತೆ ಅಂತ ಅವ್ರೇ ಬರ್ದಿದಾರೆ, ನಿಮ್ಮ ಗಂಟೇನ್ರೀ ಹೋಗ್ತಿತ್ತು? ಸಾಕಿದ ಅಣ್ಣ!” ಎಂದು ಎಗರಾಡಿದೆ.

“ಆ ಬಸ್ಸಲ್ಲಿ ದಿನಾ ಐವತ್ತು ಜನ ಇರ್ತಾರೆ ಕಣೇ,” ಎಂದರು.

“ಅವ್ರಲ್ಲಿ ಒಬ್ಬರಿಗೂ ಇಲ್ಲದ ಅನುಮಾನ ನಿಮಗ್ಯಾಕೆ?”

“ಅವ್ರಿಗೆ ಇಲ್ವಲ್ಲ, ಅದಕ್ಕೇ.”

ಭಾವ ಬೇರೆ ಅಂಗಡಿಗೆ ಹೋಗಿ ಸಹಿ ಹಾಕಿಸಬಹುದಿತ್ತು. ಹಾಕಿಸಲಿಲ್ಲ. ಅದೂ ಒಂದು ಹಠ ಎಂದುಕೊಂಡೆ. ಡಿಪೋದವರು ಅವರನ್ನು ಟೈರು, ಬೋಲ್ಟು ಇಡುವ ಸ್ಟೋರಿನ ಬಾಗಿಲಲ್ಲಿ ಕೂರಿಸಿದರು. ಅಲ್ಲೇ ನಾಲ್ಕು ವರ್ಷ ಕೂತು ನಿವೃತ್ತರಾದರು. ತಮ್ಮನ ಜೊತೆ ಮಾತು ನಿಂತಿತು, ಮನೆಗೆ ಬರುವುದೂ ನಿಂತಿತು. ನಾನು ಅವರ ಮನೆಗೆ ಹೋದರೆ ಓರಗಿತ್ತಿ ಅಕ್ಕ ಕಾಫಿ ಕೊಡುತ್ತಿದ್ದರು, ಭಾವ ಪೇಪರಿನಿಂದ ಮುಖ ಎತ್ತುತ್ತಿರಲಿಲ್ಲ.

ಇವರು ಸೊರಗಿದ್ದು ಆಮೇಲೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಊಟದ ನಡುವೆ ಕೈ ನಿಂತುಬಿಡುತ್ತಿತ್ತು. ಭಾವ ಓಡಿಸದ ಬಸ್ಸು ಯಾರಿಗೂ ಡಿಕ್ಕಿ ಹೊಡೆಯಲಿಲ್ಲ. ಅದರಿಂದ ಏನು ಗೊತ್ತಾಗುತ್ತದೆ? ಓಡಿಸಿದ್ದರೂ ಹೊಡೆಯುತ್ತಿರಲಿಲ್ಲವೇನೋ. ತಪ್ಪೆಂದು ಗೊತ್ತಾಗಿದ್ದರೆ ಹೋಗಿ ಕಾಲು ಹಿಡಿಯಬಹುದಿತ್ತು. ಸರಿಯೆಂದು ಗೊತ್ತಾಗಿದ್ದರೆ ಎದೆ ಸೆಟೆಸಿ ಓಡಾಡಬಹುದಿತ್ತು. ಎರಡೂ ಇಲ್ಲದೆ ಬದುಕುವವರ ಜೊತೆ ಬದುಕಿ ನನಗೂ ಸಾಕಾಗಿ ಹೋಗಿತ್ತು. ಕೊನೆಕೊನೆಗೆ ಜಗಳ ಮಾಡುವುದನ್ನೂ ಬಿಟ್ಟೆ.

ಹೋದ ತಿಂಗಳು ಒಂದು ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಭಾವ ಬಂದರು. ಮೆಟ್ಟಿಲನ್ನು ಕಾಲಿನಿಂದ ತಡವಿಕೊಂಡು ಹತ್ತಿದರು. “ಏನಮ್ಮಾ, ಚೆನ್ನಾಗಿದೀಯಾ?” ಎಂದರು, ನಿನ್ನೆ ಬಂದು ಹೋದವರ ಹಾಗೆ.

ಒಳಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತರು. ಇವರು ಫ್ರೇಮನ್ನು ಅಂಗಿಯ ತುದಿಯಲ್ಲಿ ಒರೆಸಿ ಅಣ್ಣನ ಮೂಗಿಗೆ ಏರಿಸಿದರು. ನಾನು ಪರದೆ ಸರಿಸಿ ನಿಂತೆ. ಗಾಜುಗಳು ಒಂದೊಂದಾಗಿ ಬದಲಾದವು. ಆಮೇಲೆ ಪೆಟ್ಟಿಗೆ ಟಕಟಕ ಎಂದಿತು. ಆ ಸದ್ದು ನನಗೆ ಗೊತ್ತು.

“ಇದೋ, ಅದೋ?”

ಭಾವ ಕತ್ತು ಚಾಚಿ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಎರಡೂ ಒಂದೇ ಥರ ಇದೆ ಕಣೋ. ಗೊತ್ತಾಗ್ತಿಲ್ಲ.”

“ಎರಡೂ ಒಂದೇ ಅಣ್ಣ. ಅದೇ ಗಾಜು.”

“ಆವತ್ತೂ ಹೀಗೇ ಮಾಡಿದ್ಯಾ?”

“ಹ್ಞೂಂ.”

ಭಾವ ಉಸಿರು ಬಿಟ್ಟರು. “ಆವತ್ತು ನಂಗೆ ಕಾಣ್ತಿತ್ತೇನೋ? ನಿಜ ಹೇಳು.”

ಕಾಣ್ತಿತ್ತು ಅನ್ನಿ, ಸುಳ್ಳಾದರೂ ಸರಿ, ಮುದುಕರ ಮನಸ್ಸು ತಣ್ಣಗಾಗಲಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಇವರು ನನ್ನ ಕಡೆ ನೋಡಲಿಲ್ಲ.

“ಗೊತ್ತಿಲ್ಲ ಅಣ್ಣ. ಆವತ್ತೂ ಗೊತ್ತಿರ್ಲಿಲ್ಲ, ಇವತ್ತೂ ಗೊತ್ತಿಲ್ಲ.”

“ನಂಗೂ ಗೊತ್ತಿರ್ಲಿಲ್ಲ,” ಎಂದರು ಭಾವ. “ಸಾಯಂಕಾಲದ ಬಿಸಿಲಲ್ಲಿ ಎದುರಿನ ಲಾರಿ ಎಷ್ಟು ದೂರ ಇದೆ ಅಂತ ಒಂದೆರಡು ಸಲ ಅಂದಾಜು ಸಿಗ್ಲಿಲ್ಲ. ಬಿಸಿಲಿನ ತಪ್ಪೋ, ಕಣ್ಣಿನ ತಪ್ಪೋ ತಿಳೀಲಿಲ್ಲ. ಬರೀ ಸಹಿ ಬೇಕಾಗಿದ್ರೆ ಬಸ್ ಸ್ಟ್ಯಾಂಡ್ ಹತ್ರ ಹಾಕಿಸ್ಕೊಳ್ತಿದ್ನಲ್ಲೋ. ಬೇಡ ಅನ್ನೋನು ಈ ಊರಲ್ಲಿ ನೀನೊಬ್ನೇ. ಅದಕ್ಕೇ ನಿನ್ ಹತ್ರ ಬಂದಿದ್ದು.”

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅಣ್ಣತಮ್ಮಂದಿರಿಬ್ಬರೂ ಒಂದೇ ಅನುಮಾನವನ್ನು ಎರಡು ಮನೆಯಲ್ಲಿಟ್ಟುಕೊಂಡು ಆರು ವರ್ಷ ಸವೆಸಿದ್ದರು. ಇವರು ಗಾಜಿನ ಪೆಟ್ಟಿಗೆ ಮುಚ್ಚಿದರು.

“ಮತ್ತೆ ಮಾತು ಯಾಕಣ್ಣ ಬಿಟ್ಟೆ?” ಎಂದರು.

ಭಾವ ಫ್ರೇಮನ್ನು ತಾವೇ ಬಿಚ್ಚಿ ತಮ್ಮನ ಕೈಗೆ ಕೊಟ್ಟರು.

“ಆದ್ರೂ ನೀನು ಬೇಡ ಅಂದ್ಯಲ್ಲೋ.”