ಗೆದ್ದವರು ಅಳುವುದೇಕೆ?

ಕಳೆದ ಶುಕ್ರವಾರ ಬಕ್ರೀದ್. ದೋಹಾದ ಅಲ್ ಮುಂತಜಾದಲ್ಲಿರುವ ಒಂದು ಟೈಲರ್ ಅಂಗಡಿಯ ಹಿಂದಿನ ಕೋಣೆ. ಮಧ್ಯಾಹ್ನ ಮೂರು ಗಂಟೆ. ಏಳು ಜನ ಗಂಡಸರು, ಎಲ್ಲರೂ ಸಂಸಾರಸ್ಥರೇ, ಒಂದೇ ಥರದ ನೀಲಿ-ಬಿಳಿ ಪಟ್ಟೆಯ ಅಂಗಿ ತೊಟ್ಟು ಟೀವಿ ಮುಂದೆ ಕೂತಿದ್ದೆವು. ಆರು ಜನ ಹಾಯಾಗಿ ನಗುತ್ತಿದ್ದರು. ಒಬ್ಬ ಬೆವರುತ್ತಿದ್ದ.

ಏಸಿ ಜೋರಾಗಿಯೇ ಓಡುತ್ತಿತ್ತು. ಬೆವರುತ್ತಿದ್ದವನು ನಾನು.

ಟೀವಿಯಲ್ಲಿ ಸ್ಪೇನ್ ದೇಶದ ಫುಟ್‌ಬಾಲ್ ಲೀಗಿನ ಕೊನೆಯ ಮ್ಯಾಚು. ಕೊನೆಯ ನಿಮಿಷ. ನಮ್ಮಂಥದೇ ಅಂಗಿ ತೊಟ್ಟ ಆಟಗಾರನೊಬ್ಬ ಪೆನಾಲ್ಟಿ ಒದೆಯಲು ಚೆಂಡು ಇಟ್ಟು ನಿಂತಿದ್ದ. ಪಾಪ, ಮುಂದೇನಾಗುತ್ತದೋ ಅಂತ ಅವನಿಗೆ ಭಯ. ನನಗೋ, ಏನಾಯಿತು ಅಂತ ಐದು ದಿನದಿಂದ ಗೊತ್ತಿತ್ತು.

ಹೇಗೆ ಅಂತ ಕೇಳುತ್ತೀರಾ? ಅದಕ್ಕೆ ಮೊದಲು ನಿಮಗೆ ಹಮ್ಜಾಕರ ಪರಿಚಯ ಆಗಬೇಕು.

ಹಮ್ಜಾಕ ಉಳ್ಳಾಲದವರು. ಈ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಅರಬ್ಬರ ಉದ್ದನೆಯ ಬಿಳಿ ತೋಬು ಹೊಲಿಯುತ್ತಿದ್ದಾರೆ. ಮೈಸೂರಿನಿಂದ ಬಂದು ಒಂದು ಕಾಂಟ್ರ್ಯಾಕ್ಟಿಂಗ್ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಗೆರೆ ಎಳೆಯುತ್ತಿರುವ ಮೂರ್ತಿಯೆಂಬ ನಾನು, ಪ್ಯಾಂಟಿನ ಸೊಂಟ ಬಿಡಿಸಲು ಹೋಗಿ ಅವರ ಗೆಳೆಯನಾದೆ. (ದೋಹಾಕ್ಕೆ ಬಂದ ಮೊದಲ ವರ್ಷ ಎಲ್ಲರ ಸೊಂಟವೂ ಹೆಚ್ಚುತ್ತದೆ. ನನ್ನದೊಂದೇ ಅಲ್ಲ.)

ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ಶುಕ್ರವಾರ ನಮಾಜು, ಊಟ ಮುಗಿದ ಮೇಲೆ ಒಂದು ವೀಡಿಯೊ ಕ್ಯಾಸೆಟ್ ಓಡುತ್ತದೆ. ಸ್ಪೇನ್ ಲೀಗಿನ ಮ್ಯಾಚು. ಹಿಂದಿನ ಶನಿವಾರವೋ ಭಾನುವಾರವೋ ಆಡಿದ್ದು. ಬಿನ್ ಒಮ್ರಾನ್ ಬಡಾವಣೆಯ ಒಂದು ವಿಲ್ಲಾದಲ್ಲಿ ದೊಡ್ಡ ಡಿಶ್ ಆಂಟೆನಾ ಇದೆ. ಅಲ್ಲಿನ ಡ್ರೈವರ್ ಹಮ್ಜಾಕರ ಊರಿನವರು, ಯಜಮಾನರನ್ನು ಕೇಳಿಯೇ ರೆಕಾರ್ಡ್ ಮಾಡಿ ಕೊಡುತ್ತಾರೆ. ಅವರಿಗೆ ಫುಟ್‌ಬಾಲ್ ಅಂದರೆ ಆಗುವುದಿಲ್ಲ. ಗುಂಡಿ ಒತ್ತಿ ಮಲಗಿಬಿಡುತ್ತಾರೆ. ಹಾಗಾಗಿ ಅವರಿಂದ ಫಲಿತಾಂಶ ಸೋರುವ ಭಯವಿಲ್ಲ.

ನಮ್ಮ ಕೂಟದ ಕಟ್ಟುನಿಟ್ಟಿನ ಕಾನೂನು ಇದೊಂದೇ. ಶುಕ್ರವಾರದವರೆಗೆ ಯಾರೂ ಪೇಪರಿನ ಕ್ರೀಡಾಪುಟ ನೋಡಬಾರದು. ನೋಡಿದರೆ ಐದು ದಿನದ ಹಳೇ ಮ್ಯಾಚಿನಲ್ಲಿ ಏನು ಮಜಾ ಉಳಿಯುತ್ತದೆ ಹೇಳಿ? ಆದರೆ ಬೇರೆ ತಂಡಗಳ ಸ್ಕೋರು ಬೇಕಲ್ಲ. ಅದಕ್ಕೆ ಒಬ್ಬನಿಗೆ ಮಾತ್ರ ರಿಯಾಯಿತಿ. ಆಫೀಸಿಗೆ ಬರುವ ಇಂಗ್ಲಿಷ್ ಪೇಪರು ಓದಿ, ವಾರವಿಡೀ ಬಾಯಿ ಮುಚ್ಚಿಕೊಂಡಿದ್ದು, ಕ್ಯಾಸೆಟ್ ಮುಗಿದ ಮೇಲೆ ಫಲಿತಾಂಶ ಓದಿ ಹೇಳುವ ಕೆಲಸ. ಆ ಪದವಿ ನನ್ನದು.

ನಾನು ಓದುತ್ತಿದ್ದೆ, ಹಮ್ಜಾಕ ಬರೆಯುತ್ತಿದ್ದರು. ಬಟ್ಟೆ ಕತ್ತರಿಸುವ ಮೊದಲು ಅಚ್ಚು ತೆಗೆಯುವ ಕಂದು ಕಾಗದ ಇರುತ್ತದಲ್ಲ, ಅದರ ದೊಡ್ಡ ಹಾಳೆ ಗೋಡೆಗೆ ಅಂಟಿಸಿ, ದರ್ಜಿಯ ನೀಲಿ ಸೀಮೆಸುಣ್ಣದಲ್ಲಿ ಪಾಯಿಂಟ್ ಪಟ್ಟಿ. ಗೆದ್ದರೆ ಎರಡು, ಡ್ರಾ ಆದರೆ ತಲಾ ಒಂದು, ಸೋತರೆ ಸೊನ್ನೆ. "ಪೇಪರಿನವರ ಪಟ್ಟಿ ನಮಗ್ಯಾಕೆ ಮಾರಾಯ್ರೆ? ನೀವು ಸ್ಕೋರು ಹೇಳಿ, ಲೆಕ್ಕ ನಾನು ಹಾಕ್ತೇನೆ" ಅನ್ನುತ್ತಿದ್ದರು.

ಹೀಗೆ ಒಂದು ಇಡೀ ಲೀಗು ನನ್ನ ನಾಲಿಗೆಯ ಮೇಲೆ ನಿಂತಿತ್ತು.

ಹಮ್ಜಾಕರ ತಂಡ ಯಾವುದು? ಎಲ್ಲರಿಗೂ ಗೊತ್ತಿರುವ ಮ್ಯಾಡ್ರಿಡ್, ಬಾರ್ಸಿಲೋನಾಗಳ ತಂಡವಲ್ಲ. ಲಾ ಕೊರುನ್ಯಾ ಅಂತ ಸ್ಪೇನಿನ ಮೂಲೆಯಲ್ಲಿ ಒಂದು ಊರು. ಅಲ್ಲಿಯ ತಂಡ. ಹುಟ್ಟಿದಾಗಿನಿಂದ ಒಮ್ಮೆಯೂ ಲೀಗ್ ಗೆದ್ದಿಲ್ಲ. ಎಲ್ಲಿಯ ಉಳ್ಳಾಲ, ಎಲ್ಲಿಯ ಕೊರುನ್ಯಾ? ನನಗೆ ಈ ಕುತೂಹಲ ತಡೆಯಲಾಗದೆ ಒಮ್ಮೆ ಕೇಳಿದೆ.

"ಫಸ್ಟ್ ಕ್ಯಾಸೆಟಿನಲ್ಲಿ ಮ್ಯಾಚಿಗೆ ಮೊದಲು ಆ ಊರು ತೋರಿಸಿದ್ರು" ಅಂದರು. "ನಿಮಗೆ ನೆನಪಿಲ್ವಾ? ದೋಣಿ ಉಂಟು, ಬುಟ್ಟಿ ಉಂಟು, ಹೆಂಗಸರು ಮೀನು ವಿಂಗಡಿಸ್ತಾ ಇದ್ದಾರೆ. ಒಬ್ಬ ಕೂತು ಬಲೆ ರಿಪೇರಿ ಮಾಡ್ತಾ ಇದ್ದಾನೆ. ನಾನು ಟೈಲರ್ ಆಗುವ ಮೊದ್ಲು ಮಂಗ್ಳೂರಿನ ಬಂದರು ದಕ್ಕೆಯಲ್ಲಿ ಅದೇ ಕೆಲ್ಸ ಮಾಡಿದವ. ಅವ ಸೂಜಿ ಹಿಡಿದದ್ದು ಸಹ ನಮ್ಮ ಹಾಗೆಯೇ."

ಅಷ್ಟೇ ಕಾರಣ. ಅಂದಿನಿಂದ ಅದು 'ನಮ್ಮ ಬಂದರಿನವರ' ತಂಡ. ಮನುಷ್ಯ ಪಕ್ಷ ವಹಿಸಲು ಇಷ್ಟು ಸಾಕೇ? ನನ್ನ ಮಟ್ಟಿಗೆ ಇದು ಬೇಕಾದಷ್ಟಾಯಿತು. ಮುಂದಿನ ವಾರದಿಂದ ನಾನೂ ಬಂದರಿನವನಾದೆ.

ಈ ಸೀಸನ್ನಿನಲ್ಲಿ ಬಂದರಿನವರು ಹುಚ್ಚು ಹಿಡಿದವರಂತೆ ಆಡಿದರು. ತಮ್ಮ ಊರಿನಲ್ಲಿ ಬಾರ್ಸಿಲೋನಾದವರನ್ನು ಒಂದು ಗೋಲಿನಿಂದ ಸೋಲಿಸಿದರು. ಆ ಕ್ಯಾಸೆಟ್ಟನ್ನು ನಾವು ಮೂರು ಸಲ ನೋಡಿದೆವು. ಪಟ್ಟಿಯಲ್ಲಿ ಬಂದರು ಮೇಲೆ, ಬಾರ್ಸಿಲೋನಾ ಕೆಳಗೆ. ಆಮೇಲೆ ಬಾರ್ಸಿಲೋನಾದ ಊರಿನಲ್ಲಿ ಎರಡನೇ ಭೇಟಿ. ಆಗ ರಂಜಾನ್ ಉಪವಾಸದ ದಿನಗಳು.

ಗುರುವಾರ ಬಿನ್ ಒಮ್ರಾನಿಗೆ ಹೋಗಿ ಕ್ಯಾಸೆಟ್ ತರುವುದೂ ನನ್ನದೇ ಡ್ಯೂಟಿ. ತಂದು ಮನೆಯಲ್ಲಿಟ್ಟೆ. ಸಂಜೆ ಟೀವಿಯಲ್ಲಿ ಹಿಂದಿ ಸಿನಿಮಾ. ನನ್ನ ಹೆಂಡತಿ ಸುಮಾ, "ಏನ್ರೀ, ಅದನ್ನ ರೆಕಾರ್ಡ್ ಮಾಡಿಡಿ, ನಾನು ಆಮೇಲೆ ನೋಡ್ತೀನಿ" ಅಂದಳು. ಪತಿಧರ್ಮ ನೋಡಿ, ತಕ್ಷಣ ಖಾಲಿ ಕ್ಯಾಸೆಟ್ ಹುಡುಕಿ ತುರುಕಿ ಗುಂಡಿ ಒತ್ತಿದೆ. ಅದು ಖಾಲಿ ಕ್ಯಾಸೆಟ್ ಆಗಿರಲಿಲ್ಲ. ಫುಟ್‌ಬಾಲ್ ಮೈದಾನದ ಮೇಲೆ ಮೂರು ಗಂಟೆ ಕಾಲ ಹೀರೋ-ಹೀರೋಯಿನ್ ಕುಣಿದರು.

ಶುಕ್ರವಾರ ಹೋಗಿ, "ಕ್ಯಾಸೆಟ್ ಸಿಕ್ಕಿಹಾಕಿಕೊಂಡು ಟೇಪ್ ಹರಿದುಹೋಯ್ತು ಹಮ್ಜಾಕ" ಅಂದೆ. ಇದು ಮೊದಲನೇ ಸುಳ್ಳು.

ಅವರು ಏನೂ ಬೈಯಲಿಲ್ಲ. ಉಪವಾಸದ ಮುಖ, ಒಣಗಿದ ತುಟಿ. ಸೀಮೆಸುಣ್ಣ ಹಿಡಿದು ಪಟ್ಟಿಯ ಮುಂದೆ ನಿಂತು, "ಹೋಗ್ಲಿ ಬಿಡಿ. ಸ್ಕೋರು ಎಂತ?" ಅಂತ ಕೇಳಿದರು.

ಬಂದರಿನವರು ಮೂರು-ಸೊನ್ನೆಯಲ್ಲಿ ಸೋತಿದ್ದರು. ಪೇಪರು ನನ್ನ ಬ್ಯಾಗಿನಲ್ಲೇ ಇತ್ತು. ಕ್ಯಾಸೆಟ್ಟೂ ಇಲ್ಲ, ಮೇಲೆ ಮೂರು ಗೋಲಿನ ಪೆಟ್ಟು ಬೇರೆ. ಬೆಳಗಿನಿಂದ ತೊಟ್ಟು ನೀರು ಕುಡಿಯದ ಮನುಷ್ಯನಿಗೆ ಹೇಗೆ ಹೇಳಲಿ? ನೀವಾಗಿದ್ದರೆ ಹೇಳುತ್ತಿದ್ದಿರಾ?

"ಡ್ರಾ" ಅಂದೆ. "ಒಂದು-ಒಂದು."

ಹಮ್ಜಾಕರ ಮುಖ ಅರಳಿತು. 'ಒಂದು-ಒಂದು' ಅಂತ ಬರೆದು ಇಬ್ಬರಿಗೂ ಒಂದೊಂದು ಪಾಯಿಂಟ್ ಸೇರಿಸಿದರು. ಅಲ್ಲಿಗೆ ಖಲಾಸ್ ಅಂದುಕೊಂಡೆ. ಮುಂದಿನ ವಾರಗಳಲ್ಲಿ ಎಲ್ಲ ಸರಿಯಾದ ಸ್ಕೋರನ್ನೇ ಓದಿದೆ. ಎರಡು ಸುಳ್ಳು ಪಾಯಿಂಟ್ ಆ ಕಂದು ಕಾಗದದ ಮೇಲೆ ತಣ್ಣಗೆ ಕೂತೇ ಇದ್ದವು.

ಈ ತಿಂಗಳ ಎರಡನೇ ಶುಕ್ರವಾರ ಬಾಂಬ್ ಸಿಡಿಯಿತು. ಕೊನೆಯ ಸುತ್ತಿಗೆ ಮುಂಚಿನ ಮ್ಯಾಚಿನ ಕ್ಯಾಸೆಟ್ ನೋಡಿ ಮುಗಿಸಿದ್ದೆವು, ಬಂದರಿನವರು ಗೆದ್ದಿದ್ದರು. ಹಮ್ಜಾಕ ಲೆಕ್ಕ ಹಾಕಿದರು. ಮತ್ತೊಮ್ಮೆ ಹಾಕಿದರು. ಆಮೇಲೆ ನಮ್ಮ ಕಡೆ ತಿರುಗಿದರು.

"ಮೂರು ಪಾಯಿಂಟ್ ಮುಂದೆ ಇದ್ದೇವೆ. ಒಂದು ಮ್ಯಾಚ್ ಬಾಕಿ, ಎರಡೇ ಪಾಯಿಂಟ್. ಹಾಗಾದ್ರೆ ನಾವು ಚಾಂಪಿಯನ್ ಆಯ್ತಲ್ಲ?"

ಕಾರ್ಗೋ ಆಫೀಸಿನ ಪ್ರಭಾಕರ ಶೆಟ್ಟರು ಎದ್ದು ಅವರನ್ನು ಅಪ್ಪಿಕೊಂಡರು. ಎಲ್ಲರೂ ಕೈ ಕುಲುಕಿದರು. ನಾನೂ ಕುಲುಕಿದೆ. ಏನು ಮಾಡಲಿ? ನಿಜವಾದ ಪಟ್ಟಿಯಲ್ಲಿ ಬಂದರಿನವರು ಮುಂದಿದ್ದದ್ದು ಒಂದೇ ಒಂದು ಪಾಯಿಂಟ್. ಮರುದಿನ ಅವರದೇ ಊರಿನಲ್ಲಿ ಕೊನೆಯ ಮ್ಯಾಚು. ಗೆದ್ದುಬಿಟ್ಟರೆ ನನ್ನ ಸುಳ್ಳು ಯಾರಿಗೂ ತಿಳಿಯದೆ ತೊಳೆದುಹೋಗುತ್ತದೆ. ಗೆದ್ದೇ ಗೆಲ್ಲುತ್ತಾರೆ ಅಂತ ಲೆಕ್ಕ ಹಾಕಿ ಸುಮ್ಮನಾದೆ. ಆ ಶನಿವಾರ ನಾನು ಬೇಡಿಕೊಂಡಷ್ಟು ಆ ಊರಿನ ಪಾದ್ರಿಯೂ ಬೇಡಿರಲಾರ.

ಭಾನುವಾರ ಆಫೀಸಿನಲ್ಲಿ ಪೇಪರು ಬಿಡಿಸಿದೆ. ಮೂಲೆಯಲ್ಲಿ ನಾಲ್ಕು ಸಾಲು. ಬಾರ್ಸಿಲೋನಾದವರು ಐದು ಗೋಲು ಹೊಡೆದು ಗೆದ್ದಿದ್ದರು. ಬಂದರಿನವರದು ಸೊನ್ನೆ-ಸೊನ್ನೆ. ಕೊನೇ ನಿಮಿಷದ ಪೆನಾಲ್ಟಿ ವ್ಯರ್ಥ. ಇಬ್ಬರಿಗೂ ಸಮ ಪಾಯಿಂಟ್. ಸಮವಾದರೆ ಅವರವರ ನಡುವಿನ ಎರಡು ಮ್ಯಾಚುಗಳ ಗೋಲು ನೋಡುತ್ತಾರಂತೆ. ಬಂದರಿನವರದು ಒಂದು, ಬಾರ್ಸಿಲೋನಾದವರದು ಮೂರು. ಕಪ್ ಬಾರ್ಸಿಲೋನಾಕ್ಕೆ ಹೋಗಿತ್ತು.

ನಾನು ಡ್ರಾ ಮಾಡಿದ್ದ ಅದೇ ಮ್ಯಾಚಿನಿಂದ.

ಸಂಜೆಯೇ ಹೇಳಿಬಿಡೋಣ ಅಂತ ಅಂಗಡಿಗೆ ಹೋದೆ. ಬಕ್ರೀದಿಗೆ ಮುಂಚಿನ ವಾರ. ಟೈಲರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ಕಾಲ. ಹೊಲಿಯಬೇಕಾದ ತೋಬುಗಳು ಛಾವಣಿ ಮುಟ್ಟುತ್ತಿದ್ದವು. ಅದರ ನಡುವೆ ಮೆಷಿನ್ ಮೇಲೆ ನೀಲಿ-ಬಿಳಿ ಪಟ್ಟೆಯ ಬಟ್ಟೆ.

"ಸೂಕ್ ವಾಕಿಫ್ ಮಾರ್ಕೆಟಿನಲ್ಲಿ ಸಿಕ್ಕಿತು" ಅಂದರು ಹಮ್ಜಾಕ. "ಏಳು ಅಂಗಿ. ಹಬ್ಬದ ದಿನ ಎಲ್ರೂ ಇದನ್ನೇ ಹಾಕ್ಬೇಕು. ನಿಮ್ಮದು ಮೊದ್ಲು ಮುಗಿಸಿದ್ದೇನೆ, ನೋಡಿ. ಸ್ಕೋರು ಓದಿ ಓದಿ ಇಷ್ಟು ದೂರ ತಂದವ್ರು ನೀವೇ ಅಲ್ವಾ?"

ಹೇಳಲು ಹೋದವನು ಅಂಗಿ ತೆಗೆದುಕೊಂಡು ಮನೆಗೆ ಬಂದೆ. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ. ದಿನಾ ಅಂದುಕೊಂಡೆ, ದಿನಾ ಮುಂದೂಡಿದೆ. ನಾನು ಅಂಥ ಶೂರ.

ಹೀಗೆ ಬಂತು ಆ ಶುಕ್ರವಾರ. ಬಿರಿಯಾನಿ ಆಯಿತು. (ನನಗೆ ಬೇರೆ ಪಾತ್ರೆಯಲ್ಲಿ ತರಕಾರಿ ಪಲಾವ್. ಹಮ್ಜಾಕ ಯಾವತ್ತೂ ಮರೆತವರಲ್ಲ.) ಕ್ಯಾಸೆಟ್ ಶುರುವಾಯಿತು. ಕಾಮೆಂಟರಿ ಅರಬ್ಬಿ. ನಮ್ಮಲ್ಲಿ ಯಾರಿಗೂ ಅಂಗಡಿಯ ಅರಬ್ಬಿಗಿಂತ ಹೆಚ್ಚು ಬಾರದು, ಆದ್ದರಿಂದ ಕಾಮೆಂಟರಿಯವನು ಏನು ಗೋಳಾಡಿದರೂ ಯಾರಿಗೂ ತಿಳಿಯಲಿಲ್ಲ. ಗೋಲಿಲ್ಲದೆ ಆಟ ಮುಗಿಯುತ್ತ ಬಂತು. ಯಾರಿಗೂ ಚಿಂತೆಯಿಲ್ಲ. ಕಪ್ ಮನೆಗೆ ಬಂದಾಗಿದೆಯಲ್ಲ.

ಪೆನಾಲ್ಟಿ ಒದ್ದ. ಗೋಲ್‌ಕೀಪರ್ ಹಿಡಿದ.

"ಹೋಗ್ಲಿ ಬಿಡಿ, ನಮಗೆಂತ?" ಅಂದರು ಶೆಟ್ಟರು. ಎಲ್ಲರೂ ನಕ್ಕರು.

ಆಟ ಮುಗಿಯಿತು. ಕ್ಯಾಮೆರಾ ಮೈದಾನದ ಸುತ್ತ ತಿರುಗಿತು. ನೀಲಿ-ಬಿಳಿ ಅಂಗಿಯವರು ಹುಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡಿದ್ದರು. ಗ್ಯಾಲರಿಯಲ್ಲಿ ಗಂಡಸರು, ಹೆಂಗಸರು, ಮುದುಕರು, ಎಲ್ಲರೂ ಅಳುತ್ತಿದ್ದರು. ಒಬ್ಬಾತ ಕೊರಳಿನ ಶಾಲನ್ನೇ ಬಾಯಿಗೆ ತುರುಕಿಕೊಂಡಿದ್ದ.

ಹಮ್ಜಾಕರ ನಗು ನಿಂತಿತು. ಮುಂದೆ ಬಾಗಿ, ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು.

"ಗೆದ್ದವ್ರು ಅಳುದು ಯಾಕೆ ಮಾರಾಯ್ರೆ?"

ಸಂತೋಷಕ್ಕೆ ಅತ್ತರೇನೋ ಅಂತ ಶೆಟ್ಟರು ಶುರು ಮಾಡಿ, ಟೀವಿ ನೋಡಿ, ಅರ್ಧಕ್ಕೆ ಬಿಟ್ಟರು. ಹಮ್ಜಾಕ ನಿಧಾನವಾಗಿ ನನ್ನ ಕಡೆ ತಿರುಗಿದರು. ಫಲಿತಾಂಶ ಓದುವವನು ನಾನೇ ತಾನೆ?

ಎಲ್ಲ ಹೇಳಿದೆ. ಹಿಂದಿ ಸಿನಿಮಾ, ಮೂರು ಗೋಲು, ಡ್ರಾ, ಈ ಐದು ದಿನ. ಹೇಳುವಾಗ ನನ್ನ ಅಂಗಿಯ ಗುಂಡಿಯನ್ನೇ ತಿರುಪುತ್ತಿದ್ದೆ.

"ಒಂದು ವಾರ ಆದ್ರೂ ನಾವು ಚಾಂಪಿಯನ್ ಆಗಿದ್ದೆವಲ್ಲ ಹಮ್ಜಾಕ, ಅಲ್ಲಿಯವ್ರಿಗೆ ಅದೂ ಸಿಗ್ಲಿಲ್ಲ" ಅಂದರು ಶೆಟ್ಟರು, ನಗಿಸುವುದಕ್ಕೆ. ಹಮ್ಜಾಕ ನಗಲಿಲ್ಲ. ಎದ್ದು ಗೋಡೆಯ ಹತ್ತಿರ ಹೋದರು. ಅಂಗೈಯಿಂದ 'ಒಂದು-ಒಂದು' ಉಜ್ಜಿ, 'ಸೊನ್ನೆ-ಮೂರು' ಬರೆದರು. ಕೆಳಗೆ ಇಡೀ ಲೆಕ್ಕ ತಿದ್ದಿದರು. ಆಮೇಲೆ ಬಂದು ನನ್ನ ಪಕ್ಕದಲ್ಲೇ ಕೂತರು.

"ನಾನು ಇಲ್ಲಿಗೆ ಬಂದ ಮೂರನೇ ವರ್ಷ" ಅಂದರು, ಟೀವಿ ನೋಡುತ್ತಲೇ. "ಊರಿನಿಂದ ಕಾಗದ. ತಂದೆಗೆ ಸ್ವಲ್ಪ ಉಷಾರಿಲ್ಲ, ಹೆದರುದು ಬೇಡ ಅಂತ. ನಾನು ರಜೆ ಸಿಕ್ಕಿದ ಮೇಲೆ ಅವರಿಗೊಂದು ಅಂಗಿ ಹೊಲಿದು ತಗೊಂಡು ಹೋದೆ. ಮನೆ ಬಾಗಿಲಿಗೆ ಬಂದಾಗ ತಮ್ಮ ಹೇಳಿದ. ಅವರು ತೀರಿ ಹೋಗಿ ಮೂರು ತಿಂಗಳು ಆಗಿತ್ತು. ನನಗೆ ಇಲ್ಲಿ ಒಬ್ಬನಿಗೇ ಬೇಸರ ಆಗ್ತದೆ ಅಂತ ಯಾರೂ ಬರೀಲಿಲ್ಲವಂತೆ."

ಅಂಗೈಗೆ ಅಂಟಿದ್ದ ನೀಲಿ ಸೀಮೆಸುಣ್ಣ ಒರೆಸಿಕೊಂಡರು.

"ಅವ್ರು ಸಹ ಒಳ್ಳೇದಕ್ಕೇ ಮಾಡಿದ್ದು. ನೀವು ಸಹ ಒಳ್ಳೇದಕ್ಕೇ. ಆದ್ರೆ ಮೂರ್ತಿಯವ್ರೆ, ಅಳಬೇಕಾದ ದಿನ ನಾನು ಇಲ್ಲಿ ಕೂತು ಅಂಗಿ ಹೊಲೀತಾ ಇದ್ದೆ. ಈಗ ಎರಡನೇ ಸಲ."

ನಾನು ಎದ್ದು ಕ್ಯಾಸೆಟ್ ಹೊರತೆಗೆದು ಡಬ್ಬಿಗೆ ಹಾಕಿದೆ.

ಹೊರಡುವಾಗ ಅವರೇ ಬಾಗಿಲವರೆಗೆ ಬಂದರು. ಬರುವ ತಿಂಗಳು ಅಮೆರಿಕದಲ್ಲಿ ವರ್ಲ್ಡ್ ಕಪ್ ಉಂಟು, ತಪ್ಪದೆ ಬನ್ನಿ ಅಂದರು. "ಪೇಪರು ಮಾತ್ರ ಶೆಟ್ರು ಓದ್ಲಿ."

ಅಂಗಿ ಈಗ ನಮ್ಮ ಮನೆಯ ಬೀರುವಿನಲ್ಲಿದೆ. ಅದರ ಕೆಳಗಿನ ಖಾನೆಯಲ್ಲಿ ಊರಿಗೆ ಬರೆಯುವ ನನ್ನ ಏರೋಗ್ರಾಂ ಕಾಗದಗಳು. ಮೊನ್ನೆ ಅಕ್ಕನಿಗೆ ಬರೆಯಲು ಕೂತು, 'ನಾವಿಲ್ಲಿ ಕ್ಷೇಮ' ಅಂತ ಶುರು ಮಾಡಿದವನು ಪೆನ್ನು ನಿಲ್ಲಿಸಿದೆ. ಆರು ವಾರದಿಂದ ಬಿಡದ ಬೆನ್ನುನೋವಿನ ಬಗ್ಗೆ ಯಾವ ಕಾಗದದಲ್ಲೂ ಒಂದಕ್ಷರ ಬರೆದಿರಲಿಲ್ಲ. ಅಕ್ಕ ಬರೆದ ಹಿಂದಿನ ಕಾಗದ ತೆಗೆದು ಇನ್ನೊಮ್ಮೆ ಓದಿದೆ. 'ಭಾವನವರಿಗೆ ಸ್ವಲ್ಪ ಕೆಮ್ಮು, ಅಷ್ಟೆ' ಅಂತಿತ್ತು. ಮೊದಲ ಸಲ ಓದಿದಾಗ ನಂಬಿದ್ದೆ.

ನಿಮ್ಮ ಮನೆಯಿಂದ ಬಂದ ಹಿಂದಿನ ಕಾಗದದಲ್ಲಿ ಯಾವ್ಯಾವ ಮ್ಯಾಚು ಡ್ರಾ ಆಗಿತ್ತು?